ಕೊಸರಿನ ಊರಿನವರು ದೋಣಿ ಕೊಳ್ಳುವಾಗ

ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟುವಳೆಂದು ನಮ್ಮ ಹಿರಿಯರು ನಂಬಿಕೊಂಡು ಬಂದ ವೃಷಭಾವತಿಯು ಒಂದು ದೋಣಿಯನ್ನು ತೇಲಿಸಬಲ್ಲಷ್ಟು ನೀರನ್ನು ಹೊತ್ತುದನ್ನು ಬಸವನಗುಡಿಯಲ್ಲಿ ಬಾಳಿದ ನನ್ನ ತಲೆಮಾರಿನವರಾರೂ ಕಂಡವರಲ್ಲ. ಧರ್ಮಾಂಬುಧಿಯ ಒಡಲಿನಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕಾರಂಜಿ ಕೆರೆಯು ಬತ್ತಿ ಕಾರಂಜಿ ಆಂಜನೇಯನ ಹೆಸರಿನಲ್ಲಷ್ಟೇ ಉಳಿದುಕೊಂಡಿದೆ. ಚಾಮರಾಜಪೇಟೆಯ ಅಂಚಿನ ಕೆಂಪಾಂಬುಧಿಯೂ, 1882ರಲ್ಲಿ ಕರ್ನಲ್ ರಿಚರ್ಡ್ ಹೀರಮ್ ಸ್ಯಾಂಕಿ ಕಟ್ಟಿಸಿದ, ಮಲ್ಲೇಶ್ವರದ ಮಗ್ಗುಲಿನ ಸ್ಯಾಂಕಿ ಕೆರೆಯೂ ನಮ್ಮ ಕಣ್ಣಿಗೆ ಬೀಳುವ ಜಲರಾಶಿಗಳು. ಇಂಥ ನದಿಯಿಲ್ಲದ ಊರಿನಲ್ಲಿ ಬೆಳೆದು, ತೆಪ್ಪೋತ್ಸವದ ರಾತ್ರಿ ದೀಪಗಳ ನಡುವೆ ದೇವರು ತೇಲುವುದನ್ನು ದಡದಲ್ಲಿ ನಿಂತು ನೋಡಿದ್ದನ್ನು ಬಿಟ್ಟರೆ ನೀರಿನ ಮೇಲಿನ ಬದುಕನ್ನೇ ಅರಿಯದವರು, ವಿಶ್ರಾಂತಿಯ ದಿನಗಳು ಬಂದೊಡನೆ ಒಂದು ದೋಣಿಯನ್ನು ಕೊಳ್ಳಬೇಕೆಂದು ಬಯಸುವುದು ವಿಚಿತ್ರವೆಂದು ತೋರಬಹುದು. ಆದರೂ ಆ ಬಯಕೆ ಇರುವವರು ಗಾಂಧಿಬಜಾರಿನ ಸುತ್ತಮುತ್ತಲೇ ನನಗೆ ಹಲವರು ಸಿಕ್ಕಿದ್ದಾರೆ. ಒಬ್ಬರಿಗೆ ಶರಾವತಿಯ ಹಿನ್ನೀರಿನ ಬಳಿ ಅಡಕೆ ತೋಟವಿರುವ ಬೀಗರು. ಮತ್ತೊಬ್ಬರಿಗೆ ಕುಂದಾಪುರದ ಕಡೆ ಹೊಳೆಯಂಚಿನಲ್ಲಿ ಅಜ್ಜನ ಕಾಲದ ಮನೆ. ಇನ್ನೊಬ್ಬರಿಗೆ ಏನೂ ಇಲ್ಲ, ಬಾಲ್ಯದಿಂದ ಬಂದ ಆಸೆಯೊಂದೇ. ನಾನೂ ಅವರಲ್ಲೊಬ್ಬನು; ಎರಡು ಸಲ ದೋಣಿ ಕೊಂಡವನು; ಮೊದಲ ಸಲ ನಷ್ಟಪಟ್ಟವನು. ಆ ನಷ್ಟವು ಇನ್ನೊಬ್ಬರಿಗೆ ಬರಬಾರದೆಂಬ ಕಳಕಳಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ವ್ಯಾಪಾರದಲ್ಲಿ ನಮ್ಮ ಊರಿನವರು ಅಜ್ಞರೇನೂ ಅಲ್ಲ. ಕಾರ್ತಿಕಮಾಸದ ಕಡೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯ ಇಕ್ಕೆಲದಲ್ಲಿ ಕಡಲೆಕಾಯಿಯ ರಾಶಿಗಳು ಬಿದ್ದಾಗ, ಒಂದು ಕಾಯಿಯನ್ನು ಒಡೆದು ಬೀಜ ತುಂಬಿದೆಯೋ ಇಲ್ಲವೋ ನೋಡಿ, ಸೇರಿಗೆ ಬೆಲೆ ಕಟ್ಟಿ, ಅಳತೆ ಮುಗಿದ ಮೇಲೆ ಚೀಲದ ಬಾಯನ್ನು ಮುಚ್ಚದೆ ಹಿಡಿದು ನಿಂತು ಒಂದು ಹಿಡಿ ಕೊಸರನ್ನು ಹಾಕಿಸಿಕೊಂಡೇ ಮುಂದೆ ನಡೆಯುವ ಗೃಹಿಣಿಯ ಕೌಶಲವನ್ನು ಯಾವ ವಣಿಕನು ತಾನೆ ಅಲ್ಲಗಳೆಯಬಲ್ಲನು? ಚಿಕ್ಕಪೇಟೆಯಲ್ಲಿ ಸೀರೆಯ ಸೆರಗನ್ನು ಬೆರಳ ನಡುವೆ ಉಜ್ಜಿ ರೇಷ್ಮೆಯ ತೂಕವನ್ನು ಹೇಳುವವರು, ಕಾಫಿಯ ಬೀಜವನ್ನು ಕಡಿದು ಹುರಿದ ಹದವನ್ನು ಅರಿಯುವವರು ನಮ್ಮ ಮನೆಮನೆಗಳಲ್ಲಿ ಇದ್ದಾರೆ. ಆದರೆ ಈ ಜಾಣ್ಮೆಯೆಲ್ಲವೂ ನಮಗೆ ನಿತ್ಯಪರಿಚಯದಿಂದ ಬಂದದ್ದು. ಕಡಲೆಕಾಯಿಯನ್ನು ತಿಂದು ಬಲ್ಲೆವು, ಸೀರೆಯನ್ನು ಉಟ್ಟು ಒಗೆದು ಬಲ್ಲೆವು. ದೋಣಿಯನ್ನಾದರೋ ನಾವು ನೋಡಿ ಮಾತ್ರ ಬಲ್ಲೆವು. ಪರಿಚಯವಿಲ್ಲದ ವಸ್ತುವಿನ ಮುಂದೆ ನಿಂತಾಗ ಚೌಕಾಸಿಯ ಕಲೆಯೊಂದೇ ನಮ್ಮನ್ನು ಕಾಪಾಡಲಾರದು. ಅದು ನಮ್ಮನ್ನು ಗೆದ್ದೆವೆಂಬ ಭ್ರಮೆಯಲ್ಲಿ ಕೆಡವುವುದೂ ಉಂಟು.

ನನಗಾದದ್ದು ಅದೇ. ಹದಿನಾಲ್ಕು ಅಡಿಯ, ಹಿಂಬದಿಗೆ ಎಂಜಿನ್ ತಗುಲಿಸಿದ ಫೈಬರ್ ದೋಣಿಯೊಂದು ಮಾರಾಟಕ್ಕಿದೆಯೆಂದು ತಿಳಿದು, ಫಾಲ್ಗುಣದ ಬಿಸಿಲಿನಲ್ಲಿ ಅದನ್ನು ನೋಡಹೋದೆನು. ಹೊಸದಾಗಿ ಬಳಿದ ನೀಲಿ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರುವವನು ಹೇಳಿದ ಬೆಲೆಯನ್ನು ಎರಡು ತಾಸಿನ ಮಾತುಕತೆಯಲ್ಲಿ ಕಾಲುಭಾಗದಷ್ಟು ಇಳಿಸಿದೆನು. ಸಂತೋಷದಿಂದ ಮುಂಗಡ ಕೊಟ್ಟೆನು. ನೀರಿಗಿಳಿಸಿ ನೋಡುವ ಮಾತು ಬಂದಾಗ ‘ಹೊಳೆಯಲ್ಲಿ ನೀರು ಕಡಿಮೆ’ ಎಂದರು, ನಾನು ಒಪ್ಪಿಕೊಂಡೆನು. ಮಳೆಗಾಲ ಕಳೆದು ಮೊದಲ ಬಾರಿಗೆ ಹಿನ್ನೀರಿಗಿಳಿಸಿ ಎಂಜಿನ್ನಿನ ವೇಗವನ್ನು ಹೆಚ್ಚಿಸಿದಾಗ, ಎಂಜಿನ್ನನ್ನು ಹೊತ್ತ ಹಿಂಬದಿಯ ಹಲಗೆ ಬಾಯಿಬಿಟ್ಟಿತು. ಫೈಬರಿನ ಎರಡು ಪದರಗಳ ನಡುವೆ ಅಡಗಿದ್ದ ಪ್ಲೈವುಡ್ಡು ವರ್ಷಗಳಿಂದ ನೀರು ಕುಡಿದು, ನೆನೆದ ರಸ್ಕಿನಂತೆ ಮೆತ್ತಗಾಗಿತ್ತು. ಅದರ ಮೇಲೆ ಬಣ್ಣ ಬಳಿದಿದ್ದರು. ಅದನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸಲು ಆದ ವೆಚ್ಚವು, ಎರಡು ತಾಸು ಬಾಯಿ ನೋಯಿಸಿಕೊಂಡು ನಾನು ಇಳಿಸಿದ್ದ ಮೊತ್ತದ ಎರಡರಷ್ಟಾಯಿತು. ದೋಣಿಯ ಬೆಲೆಯನ್ನು ನಾಲಗೆ ನಿರ್ಣಯಿಸುವುದಿಲ್ಲ, ನೀರು ನಿರ್ಣಯಿಸುತ್ತದೆ ಎಂಬುದನ್ನು ನಾನು ಆ ದಿನ ಕಲಿತೆನು.

ಆದುದರಿಂದ ಕೊಳ್ಳಬಯಸುವವರು ದೋಣಿಗಿಂತ ಮೊದಲು ನೀರನ್ನು ಗೊತ್ತುಮಾಡಿಕೊಳ್ಳಬೇಕು. ನಮ್ಮ ನಗರದ ಕೆರೆಗಳಲ್ಲಿ ಖಾಸಗಿಯವರು ತಮ್ಮ ದೋಣಿಯನ್ನು ತಂದು ಇಳಿಸುವಂತಿಲ್ಲ. ಬೆಂಗಳೂರಿಗೆ ಕುಡಿಯುವ ನೀರನ್ನು ಕೊಡಲೆಂದು 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ನಿರ್ಮಾಣವಾದ ಚಾಮರಾಜಸಾಗರದಂಥ ಜಲಾಶಯಗಳು ವಿಹಾರಕ್ಕಾಗಿ ಇರುವವಲ್ಲ. ಇತರ ಅಣೆಕಟ್ಟುಗಳ ಹಿನ್ನೀರಿಗೂ ಅವುಗಳನ್ನು ನೋಡಿಕೊಳ್ಳುವ ನೀರಾವರಿ ನಿಗಮದ ಅಥವಾ ವಿದ್ಯುತ್ ನಿಗಮದ ಅನುಮತಿ ಬೇಕು, ದಡ ಅರಣ್ಯವಾಗಿದ್ದರೆ ಅರಣ್ಯ ಇಲಾಖೆಯದೂ ಬೇಕು. ಹಲಸೂರಿನ ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಆಶ್ರಯದಲ್ಲಿ ತೃಷ್ಣಾ ಸೈಲಿಂಗ್ ಕ್ಲಬ್ ಹಾಯಿದೋಣಿಯ ತರಬೇತಿ ಕೊಡುತ್ತದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ ಇದೆ. ಸಾಗರ ಪಟ್ಟಣದ ಬಳಿಯ ಹೊನ್ನೆಮರಡುವಿನಲ್ಲಿ, 1964ರಲ್ಲಿ ಕಟ್ಟಿದ ಲಿಂಗನಮಕ್ಕಿಯ ಹಿನ್ನೀರಿನ ಮೇಲೆ, ಹರಿಗೋಲನ್ನೂ ಕನೂವನ್ನೂ ನಡೆಸಲು ಕಲಿಸುತ್ತಾರೆ. ಇಂಥ ಕಡೆ ಹೋಗಿ ಒಂದು ಋತುವಿನಷ್ಟಾದರೂ ಇನ್ನೊಬ್ಬರ ದೋಣಿಯಲ್ಲಿ ಕುಳಿತು, ಹುಟ್ಟು ಹಿಡಿದು, ಕೈ ಬೊಬ್ಬೆಯೆದ್ದ ಮೇಲೂ ಆಸೆ ಉಳಿದಿದ್ದರೆ ಮಾತ್ರ ಸ್ವಂತದ್ದನ್ನು ಯೋಚಿಸತಕ್ಕದ್ದು. ಬೆಳೆದ ಆಸೆಗೆ ತಕ್ಕ ದೋಣಿ ಯಾವುದೆಂಬುದೂ ಆಗಲೇ ತಿಳಿಯುತ್ತದೆ. ಸುಮ್ಮನೆ ಸಂಜೆ ಕುಳಿತು ತೇಲಬೇಕೆಂಬವನಿಗೆ ಬೇಕಾದದ್ದು ಒಂದು, ಗಾಳ ಹಾಕುವವನಿಗೆ ಬೇಕಾದದ್ದು ಒಂದು, ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೋಗಬೇಕೆಂಬವನಿಗೆ ಬೇಕಾದದ್ದು ಬೇರೆಯೇ ಒಂದು.

ನಮ್ಮ ನಾಡಿನ ಬಹು ಪ್ರಾಚೀನವೂ ಅಗ್ಗವೂ ಆದ ದೋಣಿ ಹರಿಗೋಲು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್‌ನು ಆನೆಗೊಂದಿಯ ಬಳಿ ಜನರೂ ಕುದುರೆಗಳೂ ಎತ್ತುಗಳೂ ಬುಟ್ಟಿಯಂಥ ದುಂಡನೆಯ, ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂದಿಗೂ ತುಂಗಭದ್ರೆಯ ಹಂಪಿಯಲ್ಲಿಯೂ ಕಾವೇರಿಯ ತಲಕಾಡಿನಲ್ಲಿಯೂ ಅದೇ ದುಂಡನೆಯ ರೂಪ ತೇಲುತ್ತಿದೆ. ಚರ್ಮದ ಬದಲಿಗೆ ಪ್ಲಾಸ್ಟಿಕ್ ಹಾಳೆಯೂ ಡಾಂಬರಿನ ಲೇಪವೂ ಬಂದಿವೆ, ಕೆಲವೆಡೆ ಇಡಿಯ ಹರಿಗೋಲನ್ನೇ ಫೈಬರಿನಲ್ಲಿ ಎರಕ ಹೊಯ್ಯುತ್ತಾರೆ. ಬಿದಿರಿನ ಹರಿಗೋಲನ್ನು ಕೊಳ್ಳುವವನು ಅದನ್ನು ಬಿಸಿಲಿನಲ್ಲಿ ಬೋರಲು ಹಾಕಿಸಿ, ಒಳಗೆ ತಲೆಯಿಟ್ಟು ನೋಡಬೇಕು. ಡಾಂಬರು ಬಿರಿದೆಡೆಯಲ್ಲೆಲ್ಲ ಸೂಜಿಮೊನೆಯಂಥ ಬೆಳಕು ಕಾಣುತ್ತದೆ. ಬಿದಿರಿನ ದಬ್ಬೆಗಳ ಸಂದಿಯಲ್ಲಿ ಹಳದಿ ಹುಡಿ ಉದುರಿದ್ದರೆ ಹುಳು ಹಿಡಿದಿದೆಯೆಂದು ತಿಳಿಯಬೇಕು. ಅಂಚಿನ ಸುತ್ತನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿದಾಗ ಇಡಿಯ ಬುಟ್ಟಿ ಒಂದಾಗಿ ಅಲುಗಬೇಕೇ ಹೊರತು, ಅಂಚು ಒಂದು ಕಡೆ ತಳ ಒಂದು ಕಡೆ ಹೋಗಬಾರದು. ಹೆಣೆದು ಕೊಡುವ ಕಸುಬಿನವರಿದ್ದರೆ ಹಳೆಯದನ್ನು ಕೊಳ್ಳುವುದಕ್ಕಿಂತ ಹೊಸದನ್ನು ಹೇಳಿ ಮಾಡಿಸುವುದೇ ಲೇಸು. ಅಲ್ಲಿ ಬೆಲೆಯನ್ನು ಎಳೆದಾಡಬೇಡಿರೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ದಿನಗಟ್ಟಲೆ ಕುಳಿತು ಹೆಣೆದವನ ಕೂಲಿಯಿಂದ ಕಡಿದ ನೂರು ರೂಪಾಯಿ ದಬ್ಬೆಯೊಂದರ ದಪ್ಪವನ್ನು ಕಡಮೆ ಮಾಡೀತು, ಆಮೇಲೆ ಆ ದಬ್ಬೆಯ ಮೇಲೆ ಕಾಲಿಡಬೇಕಾದವರು ನಾವೇ.

ಕರಾವಳಿಯ ಮರದ ದೋಣಿಗಳ ವಿಷಯ ಬೇರೆ. ಹೆಬ್ಬಲಸಿನಂಥ, ಮಾವಿನಂಥ ಮರಗಳಿಂದ ಕಟ್ಟಿ, ಮೀನೆಣ್ಣೆಯನ್ನೋ ಗೇರುಸಿಪ್ಪೆಯ ಎಣ್ಣೆಯನ್ನೋ ವರ್ಷವರ್ಷವೂ ಕುಡಿಸುತ್ತ ಬಂದರೆ ಅವು ದೀರ್ಘಾಯುಗಳು. ಆದರೆ ಆ ಆರೈಕೆಯನ್ನು ದಡದಲ್ಲೇ ಇರುವವರು ಮಾಡಬಲ್ಲರು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗುವ ಬೆಂಗಳೂರಿಗನು ಮಾಡಲಾರನು. ಬಹುಕಾಲ ಒಣಗಿ ನಿಂತ ಮರದ ದೋಣಿಯ ಹಲಗೆಗಳು ಕುಗ್ಗಿ ಸಂದುಬಿಡುತ್ತವೆ. ಉಪ್ಪುನೀರಿನಲ್ಲಿ ಬಹುಕಾಲ ಬಿದ್ದದ್ದನ್ನು ಮರಕೊರೆವ ಹುಳು ಒಳಗೊಳಗೇ ಜಾಲರಿ ಮಾಡಿರುತ್ತದೆ. ಗಾಳಿ ತುಂಬುವ ರಬ್ಬರು ದೋಣಿಗಳು ಮಡಿಚಿ ಕಾರಿನಲ್ಲಿಟ್ಟು ಒಯ್ಯಲು ಅನುಕೂಲವಾದವು. ಅವುಗಳ ಆಯುಸ್ಸನ್ನು ಬಿಸಿಲು ತಿನ್ನುತ್ತದೆ ಎಂಬಷ್ಟನ್ನು ನೆನಪಿಟ್ಟರೆ ಸಾಕು.

ಗಾತ್ರದ ವಿಚಾರದಲ್ಲಿ ಒಂದು ಗಣಿತವನ್ನು ಹೇಳಲೇಬೇಕು. ಏಕೆಂದರೆ ಆಸೆಯು ದುಬಾರಿಯಾಗುವುದು ಇಲ್ಲಿಯೇ. ಹತ್ತು ಅಡಿಯ ದೋಣಿಯನ್ನು ನೋಡಹೋದವನಿಗೆ ಹದಿನೈದು ಅಡಿಯದು ಪಕ್ಕದಲ್ಲಿ ನಿಂತಿದ್ದರೆ, ಒಂದೂವರೆಯಷ್ಟು ದೊಡ್ಡದೆಂದು ತೋರುತ್ತದೆ. ವಾಸ್ತವದಲ್ಲಿ ಉದ್ದದೊಡನೆ ಅಗಲವೂ ಆಳವೂ ಅದೇ ಪ್ರಮಾಣದಲ್ಲಿ ಬೆಳೆದರೆ ಅದರ ಗಾತ್ರ ಮೂರು ಪಟ್ಟಿಗಿಂತ ಹೆಚ್ಚು. ಅದನ್ನು ಎಳೆಯುವ ಎಂಜಿನ್ನೂ, ಹೊರುವ ಟ್ರೈಲರೂ, ಬಳಿಯುವ ಬಣ್ಣವೂ, ದಡಕ್ಕೆ ಎತ್ತಿಡುವ ಆಳುಗಳೂ ಅದರೊಡನೆ ಬೆಳೆಯುತ್ತವೆ. ಇನ್ನು ಭಾರದ ಮಾತು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ, ಮೂರು ಮೀಟರ್ ಉದ್ದ, 1.2 ಮೀಟರ್ ಅಗಲದ ಚಪ್ಪಟೆ ತಳದ ದೋಣಿಯೊಂದು ಹತ್ತು ಸೆಂಟಿಮೀಟರ್ ಮುಳುಗಿದಾಗ 360 ಕಿಲೋ ಹೊರುತ್ತದೆ. ಅದರಲ್ಲಿ ದೋಣಿಯ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ನಮ್ಮ ಪಾಲು. ನಾಲ್ಕು ಜನರ ಸಂಸಾರಕ್ಕೆ ಶಾಂತವಾದ ಹಿನ್ನೀರಿನಲ್ಲಿ ಎಷ್ಟು ದೊಡ್ಡದು ಬೇಕೆಂಬ ಲೆಕ್ಕವನ್ನು ಮಾಡಿಕೊಂಡು ಮನೆಯಿಂದ ಹೊರಡುವುದು ಕ್ಷೇಮ. ದೋಣಿಯ ಎದುರಿಗೆ ನಿಂತಮೇಲೆ ಗಣಿತ ಮರೆತುಹೋಗುತ್ತದೆ.

ನಮ್ಮವರು ಬಹುಮಟ್ಟಿಗೆ ಕೊಳ್ಳುವುದು ಇನ್ನೊಬ್ಬರು ಬಳಸಿದ ಫೈಬರ್ ದೋಣಿಗಳನ್ನೇ. ಗಾಜಿನ ನಾರಿನ ಚಾಪೆಗಳನ್ನು ರೆಸಿನ್ನಿನಲ್ಲಿ ತೋಯಿಸಿ, ಅಚ್ಚಿನೊಳಗೆ ಪದರ ಪದರವಾಗಿ ಕೂರಿಸಿ, ಹೊರಮೈಗೆ ಜೆಲ್‌ಕೋಟ್ ಎಂಬ ಹೊಳಪಿನ ಪದರವನ್ನು ಕೊಟ್ಟು ಇವನ್ನು ಮಾಡುತ್ತಾರೆ. ಕೊಳೆಯುವುದಿಲ್ಲವೆಂಬ ಖ್ಯಾತಿ ಇವಕ್ಕೆ ಬಂದಿರುವುದು ನಿಜವಾದರೂ ನಾರು ಕೊಳೆಯದಿದ್ದ ಮಾತ್ರಕ್ಕೆ ದೋಣಿ ಕೊಳೆಯದೆಂದು ತಿಳಿಯಬಾರದು. ನೆಲದ ಕೆಳಗೆ, ಎಂಜಿನ್ ಕೂರುವ ಹಿಂಬದಿಯಲ್ಲಿ, ಕುಳಿತುಕೊಳ್ಳುವ ಅಡ್ಡಹಲಗೆಯೊಳಗೆ ಬಲಕ್ಕಾಗಿ ಮರವನ್ನು ಹುದುಗಿಸಿರುತ್ತಾರೆ. ಒಂದು ಮೊಳೆಯ ತೂತಿನ ಸುತ್ತಲಿನ ಅಂಟು ಬಿಟ್ಟರೆ ಸಾಕು, ನೀರು ಅಲ್ಲಿಂದ ಇಳಿದು ವರ್ಷಾನುಗಟ್ಟಲೆ ಕದ್ದು ಕುಳಿತಿರುತ್ತದೆ. ನನ್ನ ನಷ್ಟದ ತರುವಾಯ ಗಂಗೊಳ್ಳಿಯ ಕಡೆಯ ವೃದ್ಧ ಮೇಸ್ತ್ರಿಯೊಬ್ಬರು ನನಗೆ ಪರೀಕ್ಷೆಯ ವಿಧಾನವನ್ನು ಕಲಿಸಿಕೊಟ್ಟರು. ದೋಣಿಯ ಹೊಳಪನ್ನು ಕೈಯಿಂದ ಸವರುತ್ತ ನಿಂತಿದ್ದ ನನ್ನನ್ನು ಕಂಡು ಅವರು ಆಡಿದ ಮೊದಲ ಮಾತೇ ‘ಮೇಲಿಂದ್ ಎಂತ ಕಾಂತ್ರಿ ಮಾರಾಯ್ರೆ, ಅಡಿಗ್ ಹೋಯಿ ಕಾಣಿ’ ಎಂಬುದು.

ಅಡಿಗೆ ಹೋಗುವುದೆಂದರೆ ಅಕ್ಷರಶಃ ಅಂಗಾತ ಮಲಗಿ ತೆವಳುವುದೇ. ಮೇಸ್ತ್ರಿಗಳು ಒಂದು ಸಣ್ಣ ಮರದ ಸುತ್ತಿಗೆಯನ್ನು ಹಿಡಿದು ಮೂತಿಯಿಂದ ಹಿಂಬದಿಯವರೆಗೆ ಗೇಣು ಗೇಣಿಗೆ ತಟ್ಟುತ್ತ ಬಂದರು. ಗಟ್ಟಿಯಾದೆಡೆ ‘ಟಣ್’ ಎಂಬ ಚುರುಕಾದ ಸದ್ದು, ಪದರಗಳು ಬಿಟ್ಟೆಡೆ ಒದ್ದೆ ಮೃದಂಗದಂಥ ಮಂಕು ಸದ್ದು. ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವ ನಮ್ಮ ಅಜ್ಜಿಯರ ಕಿವಿ ಇದಕ್ಕೆ ಸಾಕು. ತಳದ ಹೊರಮೈಯಲ್ಲಿ ಸಿಡುಬಿನಂಥ ಗುಳ್ಳೆಗಳು ಎದ್ದಿದ್ದರೆ, ಜೆಲ್‌ಕೋಟಿನ ಹಿಂದೆ ನೀರು ಸೇರಿ ರೆಸಿನ್ನಿನೊಡನೆ ಕೂಡಿ ಒತ್ತುತ್ತಿದೆಯೆಂದು ಅರ್ಥ; ಗುಳ್ಳೆಯನ್ನು ಚುಚ್ಚಿದಾಗ ಹುಳಿವಾಸನೆಯ ದ್ರವ ಬಂದರೆ ಅದು ಮೇಲ್ಬಣ್ಣದ ದೋಷವಲ್ಲ, ಮೈಯ ರೋಗ. ನಕ್ಷತ್ರದಂತೆ ಒಂದೇ ಬಿಂದುವಿನಿಂದ ಹರಡಿದ ಬಿರುಕುಗಳಿದ್ದರೆ ಅಲ್ಲಿ ಎಂದೋ ಪೆಟ್ಟು ಬಿದ್ದಿದೆ. ಮೂಲೆಗಳಲ್ಲಿ ಸಮಾನಾಂತರವಾಗಿ ಎದ್ದ ಬಿರುಕುಗಳಿದ್ದರೆ ಮೈ ಬಾಗುತ್ತಿದೆ. ಪಕ್ಕದಲ್ಲಿ ಕಣ್ಣಿಟ್ಟು ಬೆಳಕಿಗೆದುರಾಗಿ ನೋಡಿದರೆ, ಹಿಂದೆ ಒಡೆದು ಮೆತ್ತಿದ ಭಾಗವು ನೆಟ್ಟಗಿರುವ ಮೈಯಲ್ಲಿ ಅಲೆಯಾಗಿ ಕಾಣುತ್ತದೆ. ಹಿಂಬದಿಯ ಎಂಜಿನ್ನನ್ನು ಹಿಡಿದು ತನ್ನ ತೂಕವನ್ನೆಲ್ಲ ಹಾಕಿ ಮೇಲೆ ಕೆಳಗೆ ಜಗ್ಗಿದಾಗ ಅದನ್ನು ಹೊತ್ತ ಗೋಡೆ ಸ್ವಲ್ಪವೂ ಕೊಂಕಬಾರದು. ಈ ಒಂದು ಪರೀಕ್ಷೆಯನ್ನು, ಅರ್ಧ ನಿಮಿಷದ ಕೆಲಸವನ್ನು, ನಾನು ಅಂದು ಮಾಡಿದ್ದರೆ! ಹೊಸದಾಗಿ ಬಣ್ಣ ಬಳಿದ ಹಳೆಯ ದೋಣಿಯನ್ನು ಕಂಡಾಗ ಸಂತೋಷಪಡುವ ಬದಲು, ಬಣ್ಣ ಬಳಿಯುವ ಮುನ್ನ ಅದು ಹೇಗಿತ್ತೆಂಬುದರ ಛಾಯಾಚಿತ್ರವನ್ನು ಕೇಳಬೇಕು. ದೊಡ್ಡ ಮೊತ್ತದ ವ್ಯವಹಾರವಾದರೆ ಮೆರೈನ್ ಸರ್ವೇಯರ್ ಎಂಬ ವೃತ್ತಿಪರ ಪರೀಕ್ಷಕರಿಗೆ ಶುಲ್ಕ ಕೊಟ್ಟು ವರದಿ ಬರೆಸಿಕೊಳ್ಳುವುದು ನ್ಯಾಯ. ಬೆಲೆಯನ್ನು ಇಳಿಸಲು ಬಾಯಿಮಾತಿಗಿಂತ ಆ ವರದಿಯ ಒಂದು ಪುಟ ಹೆಚ್ಚು ಬಲವುಳ್ಳದ್ದು, ಮತ್ತು ಮಾರುವವನನ್ನು ನೋಯಿಸದೆ ಇಳಿಸುವಂಥದ್ದು.

ಎಂಜಿನ್ ಇರುವ ದೋಣಿಯ ಬೆಲೆಯಲ್ಲಿ ಅರ್ಧಕ್ಕೂ ಮಿಕ್ಕ ಭಾಗ ಎಂಜಿನ್ನಿನದೇ ಆಗಿರುವುದುಂಟು. ಮಾರುವವನು ಮೊದಲೇ ಚಾಲೂ ಮಾಡಿ ಬಿಸಿಯಾಗಿಟ್ಟ ಎಂಜಿನ್ನಿನಿಂದ ನಮಗೆ ಏನೂ ತಿಳಿಯುವುದಿಲ್ಲ. ತಣ್ಣಗಿರುವುದನ್ನು ನಮ್ಮ ಎದುರಿಗೇ ಎಬ್ಬಿಸಬೇಕು. ಎದ್ದ ಎಂಜಿನ್ನಿನ ಹಿಂದಿನಿಂದ ತಂಪುಗೊಳಿಸುವ ನೀರು ಸಣ್ಣ ಧಾರೆಯಾಗಿ ಎಡೆಬಿಡದೆ ಚಿಮ್ಮಬೇಕು. ಪ್ರೊಪೆಲ್ಲರಿನ ಮೇಲಿನ ಗೇರಿನ ಎಣ್ಣೆಯನ್ನು ತಿರುಪು ಸಡಿಲಿಸಿ ಒಂದಿಷ್ಟು ಇಳಿಸಿ ನೋಡಿದರೆ, ಅದು ಕಾಫಿಗೆ ಬೆರೆಸಿದ ಹಾಲಿನ ಬಣ್ಣಕ್ಕೆ ತಿರುಗಿದ್ದಲ್ಲಿ ಒಳಗೆ ನೀರು ನುಗ್ಗಿದೆ. ಸಿಲಿಂಡರುಗಳ ಒತ್ತಡವನ್ನು ಮೆಕ್ಯಾನಿಕ್ಕನಿಂದ ಅಳೆಯಿಸಿದಾಗ ಒಂದಕ್ಕೂ ಇನ್ನೊಂದಕ್ಕೂ ಶೇಕಡಾ ಹತ್ತಕ್ಕಿಂತ ಹೆಚ್ಚಿನ ಅಂತರವಿರಬಾರದು. ಕಡಲಿನಲ್ಲಿ ದುಡಿದ ಎಂಜಿನ್ನನ್ನು ಹೊಳೆಗೆ ತರುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಲೋಹವನ್ನು ಸವೆತದಿಂದ ಕಾಯಲು ತಾನೇ ಸವೆದುಹೋಗುವ ಒಂದು ಲೋಹದ ಬಿಲ್ಲೆಯನ್ನು ಎಂಜಿನ್ನಿಗೆ ತಗುಲಿಸಿರುತ್ತಾರೆ, ಉಪ್ಪುನೀರಿಗೆ ಸತುವಿನದು, ಸಿಹಿನೀರಿಗೆ ಮೆಗ್ನೀಷಿಯಂನದು. ಆ ಬಿಲ್ಲೆ ಪೂರ್ತಿ ಸವೆದಿದ್ದರೆ ಹಿಂದಿನ ಯಜಮಾನನ ಆರೈಕೆ ಎಂಥದೆಂಬುದು ಅದೊಂದರಿಂದಲೇ ಗೊತ್ತಾಗುತ್ತದೆ.

ಕಾಲವನ್ನರಿತು ಕೊಳ್ಳುವವನು ಮಾತಿಲ್ಲದೆ ಲಾಭ ಪಡೆಯುತ್ತಾನೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿಯೂ ಮಂಗಳೂರಿನಲ್ಲಿಯೂ ಆಗ ಬೋಟುಗಳು ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಹಲವು ದಡವೇರಿ ತಮ್ಮ ತಳವನ್ನು ಲೋಕಕ್ಕೆ ತೋರಿಸುತ್ತ ಮಲಗಿರುತ್ತವೆ. ಮೇಸ್ತ್ರಿಗಳು, ಫೈಬರಿನ ಕೆಲಸದವರು, ಎಂಜಿನ್ ರಿಪೇರಿಯವರು ಎಲ್ಲರೂ ಒಂದೇ ಕಡೆ ಇರುತ್ತಾರೆ. ವಿಹಾರದ ದೋಣಿಗೂ ಆ ತಿಂಗಳುಗಳಲ್ಲಿ ಗಿರಾಕಿಗಳಿಲ್ಲ. ಮಳೆಯಲ್ಲಿ ನೆನೆಯುತ್ತ ಹೋದವನಿಗೆ ದೋಣಿಯ ತಳವೂ ಕಾಣುತ್ತದೆ, ಎಲ್ಲಿ ಸೋರುತ್ತದೆಂಬುದೂ ಕಾಣುತ್ತದೆ, ಬೆಲೆಯೂ ಮೆತ್ತಗಿರುತ್ತದೆ. ದಸರಾ ಕಳೆದು ಆಕಾಶ ತಿಳಿಯಾಗಿ ರಜೆಯ ಯೋಚನೆ ಎಲ್ಲರಿಗೂ ಬಂದಾಗ ಹೋದವನು ಅದೇ ದೋಣಿಗೆ ಹೆಚ್ಚು ತೆರಬೇಕಾಗುತ್ತದೆ. ಆಷಾಢದಲ್ಲಿ ನೋಡಿ, ಒಪ್ಪಂದ ಮಾಡಿಕೊಂಡು, ನೀರಿಗಿಳಿಸಿ ನಡೆಸಿ ನೋಡಿದ ಮೇಲೆಯೇ ಪೂರ್ಣ ಹಣವೆಂದು ಕಾಗದದ ಮೇಲೆ ಬರೆಸಿ, ಆಶ್ವಯುಜದಲ್ಲಿ ಕೈವಶ ಮಾಡಿಕೊಳ್ಳುವುದು ಉತ್ತಮವಾದ ಕ್ರಮ. ಪರೀಕ್ಷೆಯಲ್ಲಿ ದೋಷ ಕಂಡುಬಂದರೆ ಮುಂಗಡ ಹಿಂದಿರುಗತಕ್ಕದ್ದೆಂಬ ಸಾಲು ಆ ಕಾಗದದಲ್ಲಿ ಇರಲೇಬೇಕು; ನನ್ನ ಮೊದಲ ಕಾಗದದಲ್ಲಿ ಅದಿರಲಿಲ್ಲ.

ತೆರಿಗೆ ಮತ್ತು ದಾಖಲೆಗಳ ಮಾತು ಶುಷ್ಕವಾದರೂ ಬಿಡುವಂತಿಲ್ಲ. ಅಂಗಡಿಯಿಂದ ಹೊಸ ದೋಣಿಯನ್ನು ಕೊಳ್ಳುವಾಗ ವಿಹಾರನೌಕೆಗಳ ಮೇಲಿನ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ಕ್ಕೆ ಏರಿರುವುದನ್ನು ನೆನಪಿಡಬೇಕು. ಹುಟ್ಟು ಹಾಕಿ ನಡೆಸುವ ದೋಣಿ ಮತ್ತು ಕನೂಗಳು ಬೇರೆ ವರ್ಗಕ್ಕೆ ಸೇರುತ್ತವೆ, ತೆರಿಗೆಯೂ ಕಡಮೆ. ಆದುದರಿಂದ ಬಾಯಲ್ಲಿ ಹೇಳಿದ ಬೆಲೆಗೆ ತೆರಿಗೆ ಸೇರಿದೆಯೋ ಇಲ್ಲವೋ, ಯಾವ ವರ್ಗದಲ್ಲಿ ಬಿಲ್ಲು ಬರೆಯುತ್ತಾರೆ ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ಒಳನಾಡಿನ ನೀರಿನಲ್ಲಿ ಎಂಜಿನ್ನಿನಿಂದ ನಡೆಯುವ ದೋಣಿಗಳಿಗೆ 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕಾ ಕಾಯಿದೆಯ ಪ್ರಕಾರ ನೋಂದಣಿಯೂ ಸರ್ವೆ ಪ್ರಮಾಣಪತ್ರವೂ ವಿಮೆಯೂ ಬೇಕು. ಅದರ ವ್ಯವಹಾರ ನಮ್ಮಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ ಸೇರಿದ್ದು. ಹಳೆಯದನ್ನು ಕೊಳ್ಳುವಾಗ ನೋಂದಣಿ ಪತ್ರದಲ್ಲಿರುವ ಸಂಖ್ಯೆಯನ್ನು ದೋಣಿಯ ಮೈಮೇಲಿನ ಮತ್ತು ಎಂಜಿನ್ನಿನ ಮೇಲಿನ ಸಂಖ್ಯೆಗಳೊಡನೆ ಕಣ್ಣಾರೆ ಹೋಲಿಸಬೇಕು. ಬ್ಯಾಂಕಿನ ಸಾಲ ತೀರಿದ ಪತ್ರವನ್ನೂ, ಪರದೇಶದಿಂದ ಬಂದದ್ದಾದರೆ ಸುಂಕ ತೆತ್ತ ಕಾಗದವನ್ನೂ ಕೇಳಬೇಕು. ಮನೆ ನಿವೇಶನದ ಮೂಲಪತ್ರಗಳನ್ನು ಮೂರು ತಲೆಮಾರಿನ ಹಿಂದಿನಿಂದ ಶೋಧಿಸುವ ನಮ್ಮ ಜನ ದೋಣಿಯೆಂದೊಡನೆ ಇದನ್ನೆಲ್ಲ ಮರೆಯುವುದನ್ನು ಕಂಡು ನನಗೆ ವ್ಯಥೆಯಾಗಿದೆ.

ಕೊಂಡ ದಿನದ ಬೆಲೆಯೊಂದೇ ಬೆಲೆಯಲ್ಲ. ಬಣ್ಣ, ಎಣ್ಣೆ, ವಿಮೆ, ಇಡುವ ಜಾಗದ ಬಾಡಿಗೆ, ರಿಪೇರಿ ಎಲ್ಲವೂ ಸೇರಿ ದೋಣಿಯ ಬೆಲೆಯ ಹತ್ತನೆಯ ಒಂದು ಪಾಲು ವರ್ಷವರ್ಷವೂ ಖರ್ಚಾಗುವುದೆಂಬುದು ದೋಣಿಯುಳ್ಳವರಲ್ಲಿ ರೂಢಿಯಾಗಿರುವ ಲೆಕ್ಕ. ಮೂರು ಲಕ್ಷದ ದೋಣಿಗೆ ವರ್ಷಕ್ಕೆ ಮೂವತ್ತು ಸಾವಿರ. ಕರಾವಳಿಯಿಂದ ದೋಣಿಯನ್ನು ಲಾರಿಯ ಮೇಲೆ ತರಿಸುವುದಾದರೆ ಕಲಾಸಿಪಾಳ್ಯದಲ್ಲಿ ಬಾಡಿಗೆಯನ್ನು ವಿಚಾರಿಸಿಕೊಂಡೇ ಚೌಕಾಸಿಗೆ ಹೊರಡಬೇಕು. ಶಿರಾಡಿಯಂಥ ಘಾಟಿಗಳು ಮಳೆಗಾಲದಲ್ಲಿ ಮಣ್ಣು ಕುಸಿದು ಮುಚ್ಚುವುದುಂಟಾದ್ದರಿಂದ ಸುತ್ತುದಾರಿಯ ಖರ್ಚನ್ನೂ ಸೇರಿಸಿಕೊಳ್ಳಬೇಕು. ಎರಡು ಮೂರು ಮನೆಯವರು ಕೂಡಿ ಒಂದನ್ನು ಕೊಳ್ಳುವುದು ಮೆಚ್ಚತಕ್ಕ ಉಪಾಯ. ಮಲ್ಲೇಶ್ವರದ ನನ್ನ ಹಿರಿಯ ಮಿತ್ರರೊಬ್ಬರೂ ನಾನೂ ಹಾಗೆಯೇ ಎರಡನೆಯದನ್ನು ಕೊಂಡೆವು. ಯಾರ ಪಾಲು ಎಷ್ಟು, ಯಾರ ದಿನ ಯಾವುದು, ಒಬ್ಬರು ಬಿಡುವುದಾದರೆ ಪಾಲಿನ ಬೆಲೆ ಕಟ್ಟುವವರು ಯಾರು ಎಂಬುದನ್ನು ಹಣ ಕೊಡುವ ಮೊದಲೇ ಬರೆದಿಟ್ಟೆವು. ಸ್ನೇಹ ಹಾಗೆಯೇ ಉಳಿದಿದೆ.

ಇನ್ನು ಕೊಸರಿನ ಮಾತು. ಪರೀಕ್ಷೆಯೆಲ್ಲ ಮುಗಿದು ಬೆಲೆ ನ್ಯಾಯವೆಂದು ಮನಸ್ಸಿಗೆ ಬಂದ ಮೇಲೆ, ಇನ್ನೂ ಒಂದೈದು ಸಾವಿರ ಇಳಿಸಿರೆಂದು ಹಿಡಿದು ಕೂರುವುದಕ್ಕಿಂತ, ದೋಣಿಯೊಡನೆ ಇರಬೇಕಾದ ಸಾಮಾನುಗಳನ್ನು ಕೊಸರಾಗಿ ಕೇಳುವುದು ಎರಡು ಕಡೆಗೂ ಹಿತ. ಆಳಿಗೊಂದರಂತೆ ಜೀವರಕ್ಷಕ ಕವಚ, ಜೋಡಿ ಹುಟ್ಟು, ಲಂಗರು ಮತ್ತು ಅದರ ಹಗ್ಗ, ಮುಚ್ಚುವ ತಾಡಪತ್ರಿ, ಬದಲಿ ಪ್ರೊಪೆಲ್ಲರು, ಇದ್ದರೆ ಟ್ರೈಲರು—ಇವನ್ನೆಲ್ಲ ನಾವು ಬೇರೆಯಾಗಿ ಕೊಳ್ಳಹೋದರೆ ಆಗುವ ಖರ್ಚು ದೊಡ್ಡದು. ದೋಣಿಯನ್ನು ಮಾರಿ ಮುಗಿಸಿದವನಿಗೆ ಅವುಗಳ ಉಪಯೋಗ ಉಳಿದಿಲ್ಲ. ಜೀವರಕ್ಷಕ ಕವಚವನ್ನು ಮಾತ್ರ ಹಳೆಯದಾದರೆ ಕೊಸರಾಗಿ ಬಂದರೂ ನಂಬಬೇಡಿರಿ. ನೀರಿಗೆ ಹಾಕಿ ತೇಲುವುದನ್ನು ನೋಡಿ, ಅದರ ಪಟ್ಟಿಗಳನ್ನು ಜಗ್ಗಿ, ಅನುಮಾನವಿದ್ದರೆ ಹೊಸದನ್ನೇ ಕೊಳ್ಳಿರಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಈಜು ಬಲ್ಲೆನೆಂಬವನೂ ಕವಚವಿಲ್ಲದೆ ದೋಣಿಗೆ ಕಾಲಿಡಬಾರದು.

ನಾವು ಎರಡನೆಯದಾಗಿ ಕೊಂಡದ್ದು ಹನ್ನೆರಡು ಅಡಿಯ, ಎಂಜಿನ್ನಿಲ್ಲದ, ಜೋಡಿ ಹುಟ್ಟಿನ ದೋಣಿ. ಜುಲೈ ತಿಂಗಳ ಜಡಿಮಳೆಯಲ್ಲಿ ಗಂಗೊಳ್ಳಿಯ ಮೇಸ್ತ್ರಿಗಳು ಅದರ ಅಡಿಯಲ್ಲಿ ತಮ್ಮ ಸುತ್ತಿಗೆಯನ್ನು ತಟ್ಟುತ್ತ ಹೋದರು. ನಾನೂ ಪಕ್ಕದಲ್ಲಿ ಕೆಸರಿನಲ್ಲಿ ಮಲಗಿ ಕೇಳುತ್ತಿದ್ದೆನು. ಎಡಮಗ್ಗುಲಿನಲ್ಲಿ ಅಂಗೈಯಗಲದ ಒಂದೆಡೆ ಸದ್ದು ಮಂಕಾಗಿತ್ತು. ಮಾರುವವರನ್ನು ಕರೆದು ಅದನ್ನೇ ಕೇಳಿಸಿದೆವು. ಅವರು ಮರುಮಾತಿಲ್ಲದೆ ಆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದರು. ಹೆಚ್ಚು ಮಾತು ಬೇಕಾಗಲಿಲ್ಲ. ಆಶ್ವಯುಜ ಬಹುಳದ ಒಂದು ಬೆಳಗ್ಗೆ ದೋಣಿಯನ್ನು ಹೊಳೆಗಿಳಿಸಿ, ದಡದಿಂದ ಆಚೆಯ ಕುದ್ರು ಎಂಬ ನಡುಗಡ್ಡೆಯವರೆಗೆ ಹುಟ್ಟು ಹಾಕಿ ಹೋಗಿ ಬಂದು, ಒಳಗೆ ಹನಿ ನೀರೂ ಇಲ್ಲದ್ದನ್ನು ಕಂಡು, ಉಳಿದ ಹಣವನ್ನು ಎಣಿಸಿ ಕೊಟ್ಟೆವು. ಮೇಸ್ತ್ರಿಗಳಿಗೆ ಅವರ ಕೂಲಿಯನ್ನು ಕೊಟ್ಟಾಗ ಅವರು ಒಳಗೆ ಹೋಗಿ, ಒಂದೇ ಮರದ ತುಂಡಿನಲ್ಲಿ ಕೊರೆದ, ಹಿಡಿಕೆ ಸವೆದು ನುಣುಪಾದ, ನೀರು ಮೊಗೆಯುವ ಹಳೆಯ ಮರಿಗೆಯೊಂದನ್ನು ತಂದು ದೋಣಿಯ ಮೂಲೆಯಲ್ಲಿ ಇಟ್ಟರು. ‘ಇದಕ್ಕೆ ಎಷ್ಟು?’ ಎಂದು ನನ್ನ ಮಿತ್ರರು ಜೇಬಿಗೆ ಕೈಹಾಕಿದರು. ‘ಅದಕ್ಕೆಂತ ದುಡ್ಡ್ ಮಾರಾಯ್ರೆ, ದೋಣಿ ಒಳ್ಗ್ ಇರ್ಲಿ’ ಎಂದು ಅವರು ಹಗ್ಗವನ್ನು ಬಿಚ್ಚಿ ದೋಣಿಯನ್ನು ನೀರಿನ ಕಡೆಗೆ ತಳ್ಳಿದರು.